ಯೆರಿಕೋ, ಮೆಗಿದ್ದೋ, ಹಾಚೋರ್: ಹಾಳುದಿಬ್ಬಗಳ ದಾರಿ ಹಿಡಿಯುವವರಿಗೆ

ನಮ್ಮ ಕಡೆಯಿಂದ ಇಸ್ರೇಲ್‌ಗೆ ಹೋಗುವವರು ಹೆಚ್ಚಾಗಿ ಚರ್ಚ್ ತಂಡದ ಜೊತೆ ಹೋಗುತ್ತಾರೆ. ಬೆತ್ಲೆಹೇಮ್, ನಜರೇತ್, ಜೆರುಸಲೇಮ್, ಗಲಿಲಾಯ ಸರೋವರದಲ್ಲಿ ದೋಣಿ, ಮೃತ ಸಮುದ್ರದಲ್ಲಿ ತೇಲಾಟ, ವಾಪಸ್. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಬರುವ ಊರುಗಳನ್ನು ಅಗೆದು ತೆಗೆದ ದಿಬ್ಬಗಳ ಹತ್ತಿರ ಆ ಬಸ್ಸು ನಿಲ್ಲುವುದೇ ಕಡಿಮೆ. ಹಾಗಾಗಿ ನಾನು ಮತ್ತು ಅತ್ತಿಗೆ ತಂಡದ ಗೊಡವೆ ಬೇಡ ಅಂತ ನಾವೇ ಹೋದೆವು. ಅತ್ತಿಗೆಗೆ ಬೈಬಲ್ ಬಾಯಿಪಾಠ, ನನಗೆ ಹಳೇ ಕಲ್ಲುಗಳ ಹುಚ್ಚು. ಜಗಳಕ್ಕೆ ಇಷ್ಟು ಸಾಕಲ್ವಾ?

ಟಿಕೆಟ್ ಮಾಡಿಸುವ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿ. 2023ರ ಅಕ್ಟೋಬರ್ ನಂತರ ಅಲ್ಲಿನ ಪರಿಸ್ಥಿತಿ ಯಾವಾಗ ಬೇಕಾದರೂ ಬದಲಾಗುತ್ತದೆ. ಲೆಬನಾನ್ ಗಡಿ ಹತ್ತಿರದ ಜಾಗಗಳಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯ. ಮಾರ್ಚ್-ಏಪ್ರಿಲ್ ಅಥವಾ ಅಕ್ಟೋಬರ್-ನವೆಂಬರ್ ಒಳ್ಳೆಯದು. ದಿಬ್ಬಗಳ ಮೇಲೆ ನೆರಳು ಕಡಿಮೆ, ಬೇಸಿಗೆಯಲ್ಲಿ ತಲೆ ಸುಡುತ್ತದೆ.

ಮೊದಲು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಹೋಗಿ. ಅಗೆದಾಗ ಸಿಕ್ಕಿದ ಒಳ್ಳೆಯ ವಸ್ತುಗಳೆಲ್ಲ ಮ್ಯೂಸಿಯಂ ಸೇರಿವೆ, ದಿಬ್ಬದ ಮೇಲೆ ಉಳಿದಿರುವುದು ಗೋಡೆಯ ಬುಡ ಅಷ್ಟೇ. ಉತ್ತರದ ತೆಲ್ ದಾನ್ ಎಂಬ ದಿಬ್ಬದಲ್ಲಿ 1993 ಮತ್ತು 1994ರಲ್ಲಿ ಸಿಕ್ಕಿದ ಕಲ್ಬರಹ ಇಲ್ಲಿದೆ. ಕಪ್ಪು ಕಲ್ಲಿನ ಮೂರು ಚೂರು, ಅರಾಮಿಕ್ ಭಾಷೆ. ಪದ ಪದದ ನಡುವೆ ಒಂದೊಂದು ಚುಕ್ಕೆ ಕೆತ್ತಿದ್ದಾರೆ. ಆದರೆ ಬೈಬಲಿನ ಅರಸ ದಾವೀದನ ಹೆಸರು ಬರುವ, 'ದಾವೀದನ ಮನೆ' ಎಂದು ಓದುವ ಕಡೆ ನಡುವೆ ಚುಕ್ಕೆ ಇಲ್ಲ. ಇದನ್ನೇ ಹಿಡಿದು ಕೆಲವರು ತಕರಾರು ತೆಗೆದರು. ಈಗ ಹೆಚ್ಚಿನ ವಿದ್ವಾಂಸರು ಅದನ್ನು ದಾವೀದನ ರಾಜವಂಶ ಎಂದೇ ಒಪ್ಪುತ್ತಾರೆ. ಒಂದು ಚುಕ್ಕೆ ಇಲ್ಲದ್ದಕ್ಕೆ ಇಷ್ಟು ವಾದ ನಡೆಯುತ್ತದೆ ಅಂತ ಗೊತ್ತಾದ ಮೇಲೆ ದಿಬ್ಬ ನೋಡುವ ಕಣ್ಣೇ ಬೇರೆ.

ಯೆರಿಕೋ ಪ್ಯಾಲೆಸ್ತೀನ್ ಆಡಳಿತದಲ್ಲಿದೆ. ಇಸ್ರೇಲ್‌ನಲ್ಲಿ ಬಾಡಿಗೆಗೆ ಪಡೆದ ಕಾರಿನ ವಿಮೆ ಸಾಮಾನ್ಯವಾಗಿ ಅಲ್ಲಿಗೆ ನಡೆಯುವುದಿಲ್ಲ. ಬಸ್ಸು, ಟ್ಯಾಕ್ಸಿ ವಾಸಿ. ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ತೆಲ್ ಎಸ್-ಸುಲ್ತಾನ್ ದಿಬ್ಬದ ಮೇಲೆ ನಿಂತು ಅತ್ತಿಗೆ ಕೇಳಿದ ಮೊದಲ ಮಾತು, 'ಯೆಹೋಶುವ ಬೀಳಿಸಿದ ಗೋಡೆ ಎಲ್ಲಿ?' ಇಸ್ರೇಲ್ಯರ ನಾಯಕ ಯೆಹೋಶುವ ಯೆರಿಕೋ ಹಿಡಿದಾಗ ಊರಿನ ಗೋಡೆ ಕುಸಿದು ಬಿತ್ತು ಎನ್ನುತ್ತದೆ ಬೈಬಲ್. 1930ರ ದಶಕದಲ್ಲಿ ಪುರಾತತ್ವಜ್ಞ ಜಾನ್ ಗಾರ್ಸ್ಟಾಂಗ್ 'ಇದೇ' ಎಂದು ಒಂದು ಗೋಡೆ ತೋರಿಸಿದ್ದರು. 1952ರಿಂದ ಅಗೆದ ಕ್ಯಾಥ್ಲೀನ್ ಕೆನ್ಯನ್ ಅದು ಯೆಹೋಶುವನಿಗಿಂತ ಸಾವಿರ ವರ್ಷದಷ್ಟು ಹಳೆಯದು ಎಂದರು. ಅವರ ಲೆಕ್ಕದಲ್ಲಿ ಊರು ನಾಶವಾದದ್ದು ಕ್ರಿ.ಪೂ. 1550ರ ಸುಮಾರಿಗೆ, ಯೆಹೋಶುವನ ಕಾಲಕ್ಕೆ ಅಲ್ಲಿ ಬೀಳಿಸಲು ಕೋಟೆಯೇ ಇರಲಿಲ್ಲ. ಅತ್ತಿಗೆ ಮುಖ ಸಣ್ಣಗಾಯಿತು. ಆದರೆ ಕೆನ್ಯನ್ ಅಗೆಸಿದ ಕಂದಕದಲ್ಲಿ ಬಗ್ಗಿ ನೋಡಿ: 8.5 ಮೀಟರ್ ಎತ್ತರದ ಕಲ್ಲಿನ ಗೋಪುರ, ಸುಮಾರು 10,000 ವರ್ಷ ಹಳೆಯದು. ಮಡಕೆ ಮಾಡಲೂ ಬಾರದ ಕಾಲದಲ್ಲಿ, ಒಳಗೆ ಮೆಟ್ಟಿಲು ಇಟ್ಟು ಕಟ್ಟಿದ್ದಾರೆ!

ಮೆಗಿದ್ದೋ, ಹಾಚೋರ್ ಇರುವ ಉತ್ತರಕ್ಕೆ ಹೋಗಲು ಕಾರು ಬೇಕು. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆವರೆಗೆ, ಯಹೂದಿಗಳ ವಾರದ ವಿಶ್ರಾಂತಿಯ ಹೊತ್ತಲ್ಲಿ, ಬಸ್ಸು ನಂಬಿಕೊಂಡರೆ ಕೆಟ್ಟಿರಿ. ರಾಷ್ಟ್ರೀಯ ಉದ್ಯಾನಗಳೂ ಶುಕ್ರವಾರ ಬೇಗ ಮುಚ್ಚುತ್ತವೆ. ಹಲವು ಉದ್ಯಾನಗಳಿಗೆ ಸೇರಿ ಒಂದೇ ಟಿಕೆಟ್ ಸಿಗುತ್ತದೆ, ಅದನ್ನೇ ಕೊಳ್ಳಿ. ಊಟದ ಚಿಂತೆ ಬೇಡ, ಫಲಾಫೆಲ್ ಮತ್ತು ಹಮ್ಮುಸ್ ಇದ್ದಲ್ಲಿ ಸಸ್ಯಾಹಾರಿ ಉಪವಾಸ ಬೀಳುವುದಿಲ್ಲ.

ಮೆಗಿದ್ದೋದಲ್ಲಿ ದೋಸೆ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಇಪ್ಪತ್ತಕ್ಕೂ ಹೆಚ್ಚು ಊರುಗಳ ಪದರಗಳಿವೆ. ಇಲ್ಲಿ ನಿಂತು ನೋಡಬೇಕಾದದ್ದು ಆರು ಕೋಣೆಗಳ ಊರಬಾಗಿಲು. ಅದರ ಅರ್ಧ ಮಾತ್ರ ಈಗ ಉಳಿದಿದೆ. ದಾವೀದನ ಮಗ, ಅರಸ ಸೊಲೊಮೋನನು ಹಾಚೋರ್, ಮೆಗಿದ್ದೋ, ಗೆಜೆರ್ ಊರುಗಳನ್ನು ಕಟ್ಟಿಸಿದ ಎಂದು ಬೈಬಲಿನ ಒಂದನೆಯ ಅರಸುಗಳು 9:15 ಹೇಳುತ್ತದೆ. ಮೂರೂ ಕಡೆ ಒಂದೇ ತರಹದ ಬಾಗಿಲು ಸಿಕ್ಕಿದಾಗ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ 'ಸೊಲೊಮೋನನದೇ' ಎಂದರು. ಇದೇ ದಿಬ್ಬವನ್ನು 1990ರ ದಶಕದಿಂದ ಅಗೆದ ಇಸ್ರೇಲ್ ಫಿಂಕೆಲ್‌ಸ್ಟೀನ್ 'ಅಲ್ಲ, ಆಮೇಲಿನ ಅರಸ ಅಹಾಬನ ಕಾಲದ್ದು, ಒಂದು ಶತಮಾನ ಈಚಿನದು' ಎನ್ನುತ್ತಾರೆ. ಅತ್ತಿಗೆ ಯಾದಿನ್ ಕಡೆ, ನಾನು ಫಿಂಕೆಲ್‌ಸ್ಟೀನ್ ಕಡೆ. ನೀವೂ ಹೋಗುವ ಮೊದಲು ಇಬ್ಬರ ವಾದವನ್ನೂ ಓದಿಕೊಳ್ಳಿ. ಇಲ್ಲದಿದ್ದರೆ ಅದು ಸುಮ್ನೆ ಕಲ್ಲಿನ ಸಾಲು.

ನೀರಿನ ಸುರಂಗ ಕೊನೆಗೆ ಇಟ್ಟುಕೊಳ್ಳಿ. 183 ಮೆಟ್ಟಿಲು ಇಳಿಯಬೇಕು, ಆಮೇಲೆ ಒಂದಿಷ್ಟು ಹತ್ತಬೇಕು. ಮಂಡಿ ನೋವಿನವರು ಯೋಚಿಸಿ. ಹೊರಬರುವುದು ದಿಬ್ಬದ ಆಚೆ, ಪಾರ್ಕಿಂಗ್‌ಗೆ ರಸ್ತೆಯಲ್ಲಿ ನಡೆದೇ ಬರಬೇಕು. ದಿಬ್ಬದಿಂದ ಕಾಣುವ ಬಯಲನ್ನೂ ನೋಡಿ. 1918ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸೇನಾಪತಿ ಅಲೆನ್‌ಬಿಯ ಸೈನ್ಯ ತುರ್ಕರನ್ನು ಸೋಲಿಸಿದ್ದು ಮೆಗಿದ್ದೋ ಯುದ್ಧ ಅಂತಲೇ ಹೆಸರಾಗಿದೆ. ಅದರಲ್ಲೇ 23ನೇ ತಾರೀಕು ಹೈಫಾ ಹಿಡಿದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಹೈಫಾ ಇಲ್ಲಿಂದ ಸುಮಾರು 30 ಕಿಲೋಮೀಟರ್, ಭಾರತೀಯ ಸೈನಿಕರ ಸಮಾಧಿಗಳು ಅಲ್ಲಿವೆ.

ಒಂದೇ ದಿಬ್ಬಕ್ಕೆ ಸಮಯ ಇದೆ ಅಂದರೆ ನಾನು ಹಾಚೋರ್ ಅನ್ನುತ್ತೇನೆ. ತಿಬೇರಿಯದಲ್ಲಿ ಉಳಿದರೆ ಹತ್ತಿರ. ಜನ ಕಡಿಮೆ, ದಿಬ್ಬ ದೇಶದಲ್ಲೇ ದೊಡ್ಡದು. ಚಾವಣಿ ಹಾಕಿದ ಅರಮನೆಯೊಳಗೆ ಹೋಗಿ. ಮಣ್ಣಿಟ್ಟಿಗೆಯ ಗೋಡೆ ಬೆಂಕಿಗೆ ಕೆಂಪಾಗಿದೆ, ಬುಡದ ಕಪ್ಪು ಕಲ್ಲುಗಳು ಬಿಸಿಗೆ ಬಿರಿದಿವೆ. ಶಾಖ 1300 ಡಿಗ್ರಿ ದಾಟಿತ್ತು ಎಂದು ಅಗೆದವರ ಅಂದಾಜು. ಕ್ರಿ.ಪೂ. 13ನೇ ಶತಮಾನದ ಈ ಬೆಂಕಿಯ ಹೊತ್ತಲ್ಲಿ ವಿಗ್ರಹಗಳ ತಲೆ, ಕೈ ಕಡಿದು ಹಾಕಿದ್ದರು. ಯೆಹೋಶುವ ಹಾಚೋರನ್ನು ಸುಟ್ಟ ಎಂದು ಬೈಬಲ್ ಹೇಳುತ್ತದೆ. ಇಲ್ಲಿ ಅಗೆಸಿದ ಅಮ್ನೋನ್ ಬೆನ್-ಟೋರ್ ಇಸ್ರೇಲ್ಯರದೇ ಕೆಲಸ ಎಂದರೆ, ಅವರ ಜೊತೆಯಲ್ಲೇ ಅಗೆದ ಶರೋನ್ ಝುಕರ್‌ಮನ್ ಊರಿನ ಜನರೇ ದಂಗೆ ಎದ್ದಿದ್ದರು ಎಂದರು. ಅತ್ತಿಗೆ ಇಲ್ಲಿ ಮಾತ್ರ ಜಗಳ ಆಡಲಿಲ್ಲ, ಬಿರಿದ ಕಲ್ಲನ್ನೇ ನೋಡುತ್ತಾ ತುಂಬಾ ಹೊತ್ತು ನಿಂತರು.

ನೋಡಿದ್ದು ಸಾಲದು, ಅಗೆಯಲೇಬೇಕು ಅನ್ನುವವರಿಗೂ ದಾರಿ ಇದೆ. ಬೇಸಿಗೆಯಲ್ಲಿ ವಿಶ್ವವಿದ್ಯಾಲಯಗಳು ಸ್ವಯಂಸೇವಕರನ್ನು ಕರೆಯುತ್ತವೆ, ಅನುಭವ ಬೇಕಿಲ್ಲ. ಬಿಸಿಲೇರುವ ಮೊದಲೇ, ಬೆಳಗಿನ ಜಾವಕ್ಕೇ ಕೆಲಸ ಶುರು. ಊಟ, ವಸತಿಯ ಖರ್ಚು ಸಾಮಾನ್ಯವಾಗಿ ನಮ್ಮದೇ. ಇದಕ್ಕೆ ಪ್ರವಾಸಿ ವೀಸಾ ಸಾಕಾ, ಬೇರೆ ಬೇಕಾ ಅಂತ ಬೆಂಗಳೂರಿನ ಇಸ್ರೇಲ್ ಕಾನ್ಸುಲೇಟ್‌ನಲ್ಲಿ ಕೇಳಿಕೊಂಡೇ ಹಣ ಕಟ್ಟಿ.