ವಿಮಾನ ಕಲಿಯುವ ಮುನ್ನ ಕಾಗದಪತ್ರ: ಅಮೆರಿಕದಲ್ಲಿರುವ ಕನ್ನಡಿಗರಿಗೆ ಕೆಲವು ಮಾತುಗಳು

ಅಮೆರಿಕದಲ್ಲಿ ಕೆಲಸ ಮಾಡುತ್ತಾ ವಾರಾಂತ್ಯಗಳಲ್ಲಿ ಸಣ್ಣ ವಿಮಾನ ಓಡಿಸಲು ಕಲಿಯಬೇಕೆನ್ನುವ ಕನ್ನಡಿಗ ಸ್ನೇಹಿತರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಒಂದೇ ಬಗೆಯವು: ಒಟ್ಟು ಎಷ್ಟು ಖರ್ಚಾಗುತ್ತದೆ, ಎಷ್ಟು ಗಂಟೆ ಹಾರಬೇಕು, ಕನ್ನಡಕ ಹಾಕಿಕೊಳ್ಳುವವರಿಗೆ ಅವಕಾಶ ಇದೆಯೇ. ಇವೆಲ್ಲ ಸರಿಯಾದ ಪ್ರಶ್ನೆಗಳೇ. ಆದರೆ ಈ ದೇಶದ ಪೌರರಲ್ಲದವರು ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಭದ್ರತಾ ಪರಿಶೀಲನೆಯದು. ಅದು ಮುಗಿಯುವವರೆಗೆ ಪರವಾನಗಿಯ ಮೊದಲ ಪಾಠವನ್ನು ಇನ್‌ಸ್ಟ್ರಕ್ಟರ್ ಕಾನೂನುಬದ್ಧವಾಗಿ ಹೇಳಿಕೊಡುವಂತಿಲ್ಲ. ಆದ್ದರಿಂದ ಫ್ಲೈಯಿಂಗ್ ಸ್ಕೂಲಿಗೆ ದೊಡ್ಡ ಮೊತ್ತದ ಮುಂಗಡ ಕಟ್ಟುವ ಮೊದಲು ಪಾಸ್‌ಪೋರ್ಟ್, ವೀಸಾ, ಐ-94 (ದೇಶದೊಳಗೆ ಬಂದ ದಿನ ಮತ್ತು ಉಳಿಯಬಹುದಾದ ಅವಧಿಯ ದಾಖಲೆ) ಇವುಗಳನ್ನು ಒಟ್ಟಿಗೆ ಇಟ್ಟುಕೊಂಡು, ಅವುಗಳಲ್ಲಿ ನಿಮ್ಮ ಹೆಸರು ಹೇಗೆ ಬರೆಯಲ್ಪಟ್ಟಿದೆ ಎಂಬುದನ್ನು ಅಕ್ಷರ ಬಿಡದೆ ಓದಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ನಿಯಮ ಹೀಗಿದೆ. ಸಾರಿಗೆ ಭದ್ರತಾ ಆಡಳಿತ, ಅಂದರೆ ವಿಮಾನ ನಿಲ್ದಾಣಗಳಲ್ಲಿ ನಮ್ಮ ಚೀಲಗಳನ್ನು ತಪಾಸಣೆ ಮಾಡುವ ಅದೇ ಟಿಎಸ್‌ಎ, ‘ಫ್ಲೈಟ್ ಟ್ರೈನಿಂಗ್ ಸೆಕ್ಯುರಿಟಿ ಪ್ರೋಗ್ರಾಂ’ ಎಂಬ ವ್ಯವಸ್ಥೆಯನ್ನು ನಡೆಸುತ್ತದೆ. ಅಮೆರಿಕದ ಪೌರರಲ್ಲದ ಯಾರೇ ಆಗಲಿ, ಮೊದಲ ಪೈಲಟ್ ಪರವಾನಗಿಗೆ, ಹೊರಗೆ ಏನೂ ಕಾಣದಾಗಲೂ ಉಪಕರಣ ನೋಡಿ ಹಾರುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಅಥವಾ ಎರಡು ಎಂಜಿನ್‌ಗಳ ವಿಮಾನದ ರೇಟಿಂಗಿಗೆ ತರಬೇತಿ ಪಡೆಯುವ ಮೊದಲು ಇಲ್ಲಿ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಅರ್ಹತೆಯ ನಿರ್ಣಯ ಪಡೆಯಬೇಕು. ಗ್ರೀನ್ ಕಾರ್ಡ್ ಇರುವವರಿಗೂ ಇದು ಅನ್ವಯಿಸುತ್ತದೆ. ‘ನಾನು ಖಾಯಂ ನಿವಾಸಿ, ನನಗೇಕೆ’ ಎಂದು ಭಾವಿಸುವವರು ಬಹಳ ಮಂದಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಪರಿಚಯಕ್ಕೆಂದು ಶಾಲೆಗಳು ಮಾಡಿಸುವ ಒಂದು ಬಾರಿಯ ಡಿಸ್ಕವರಿ ಫ್ಲೈಟಿಗೂ ನೆಲದ ಮೇಲಿನ ತರಗತಿಗಳಿಗೂ ಈ ಅನುಮತಿ ಬೇಕಿಲ್ಲ. ಹಾಗಾಗಿ ಅರ್ಜಿಯ ಉತ್ತರ ಬರುವವರೆಗಿನ ಕಾಲವನ್ನು ಲಿಖಿತ ಪರೀಕ್ಷೆಯ ಓದಿಗೆ ಬಳಸಿಕೊಳ್ಳಬಹುದು.

ಈ ಏರ್ಪಾಡು ಏಕೆ ಬಂತು ಎಂಬುದನ್ನು ತಿಳಿಯದೆ ಅರ್ಜಿ ತುಂಬಿದರೆ, ಪ್ರತಿ ಪ್ರಶ್ನೆಯೂ ಕಿರುಕುಳದಂತೆ ಕಾಣುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ವಿಮಾನಗಳನ್ನು ಅಪಹರಿಸಿ ಓಡಿಸಿದವರ ಪೈಕಿ ಇಬ್ಬರು, ಮೊಹಮದ್ ಅಟ್ಟಾ ಮತ್ತು ಮರ್ವಾನ್ ಅಲ್-ಶೆಹ್ಹಿ, ಫ್ಲಾರಿಡಾದ ವೆನಿಸ್ ಎಂಬ ಊರಿನ ಹಫ್‌ಮನ್ ಏವಿಯೇಷನ್ ಶಾಲೆಯಲ್ಲಿ 2000ನೇ ಇಸವಿಯಲ್ಲಿ ಕಲಿತವರು. ಪ್ರವಾಸಿ ವೀಸಾದ ಮೇಲೆ ಬಂದಿದ್ದ ಅವರು ವಿದ್ಯಾರ್ಥಿ ದರ್ಜೆಗೆ ಬದಲಾಯಿಸಿಕೊಡಿ ಎಂದು ಅರ್ಜಿ ಹಾಕಿದ್ದರು. ಅವರ ತರಬೇತಿ ಮುಗಿದು ಎಷ್ಟೋ ತಿಂಗಳುಗಳ ನಂತರ, 2001ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ವಲಸೆ ಇಲಾಖೆ ಆ ಅರ್ಜಿಗಳನ್ನು ಮಂಜೂರು ಮಾಡಿತು. ಮಂಜೂರಾತಿಯ ಸೂಚನಾಪತ್ರ ಶಾಲೆಯನ್ನು ತಲುಪಿದ್ದು 2002ರ ಮಾರ್ಚ್ 11ರಂದು, ದಾಳಿ ನಡೆದು ಸರಿಯಾಗಿ ಆರು ತಿಂಗಳಾದ ದಿನ. ಅರ್ಜಿ ಇತ್ತು, ಹೆಸರು ಇತ್ತು, ವಿಳಾಸ ಇತ್ತು. ಅವುಗಳನ್ನು ಒಂದೆಡೆ ಇಟ್ಟು ಓದುವ ಕಣ್ಣು ಮಾತ್ರ ಇರಲಿಲ್ಲ. ಆ ವಲಸೆ ಇಲಾಖೆಯನ್ನೇ 2003ರಲ್ಲಿ ಮುಚ್ಚಿ ಅದರ ಕೆಲಸಗಳನ್ನು ಹೊಸ ಸಂಸ್ಥೆಗಳಿಗೆ ಹಂಚಲಾಯಿತು.

ಇದಕ್ಕೆ ವಿರುದ್ಧವಾದ ಘಟನೆಯೂ ಅದೇ ಕಾಲದ್ದು. ಮಿನೆಸೋಟ ರಾಜ್ಯದ ಪ್ಯಾನ್ ಆಮ್ ಇಂಟರ್‌ನ್ಯಾಷನಲ್ ಫ್ಲೈಟ್ ಅಕಾಡೆಮಿಗೆ, ಸಣ್ಣ ವಿಮಾನದ ಪರವಾನಗಿಯೂ ಇಲ್ಲದ ಝಕಾರಿಯಾಸ್ ಮುಸಾವಿ ಎಂಬಾತ ಬೋಯಿಂಗ್ 747ರ ಸಿಮ್ಯುಲೇಟರಿನಲ್ಲಿ ಕಲಿಯಲು ಬಂದಾಗ, ಅಲ್ಲಿನ ಸಿಬ್ಬಂದಿ ಅನುಮಾನಪಟ್ಟು ಎಫ್‌ಬಿಐಗೆ ತಿಳಿಸಿದರು. 2001ರ ಆಗಸ್ಟ್ 16ರಂದು, ದಾಳಿಗೆ ಒಂದು ತಿಂಗಳು ಸಹ ಉಳಿದಿಲ್ಲದಾಗ, ವಲಸೆ ನಿಯಮ ಮೀರಿದ ಕಾರಣಕ್ಕೆ ಆತನ ಬಂಧನವಾಯಿತು. ಇಂದು ಪ್ರತಿಯೊಂದು ಫ್ಲೈಯಿಂಗ್ ಸ್ಕೂಲಿನ ಸಿಬ್ಬಂದಿಯೂ, ಸ್ವತಂತ್ರವಾಗಿ ಪಾಠ ಹೇಳುವ ಇನ್‌ಸ್ಟ್ರಕ್ಟರುಗಳೂ ನಿಗದಿತ ಅವಧಿಗೊಮ್ಮೆ ಭದ್ರತಾ ಅರಿವಿನ ತರಬೇತಿ ಪಡೆಯಬೇಕಾಗಿದೆ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಮಾತನಾಡುವ ಮನುಷ್ಯನ ಗಮನ ಯಾವ ಕಂಪ್ಯೂಟರ್ ಪಟ್ಟಿಗಿಂತಲೂ ಮೊದಲು ಎಚ್ಚೆತ್ತುಕೊಳ್ಳಬಲ್ಲದು ಎಂಬುದನ್ನು ಮಿನೆಸೋಟದ ಆ ಸಿಬ್ಬಂದಿ ತೋರಿಸಿದ್ದಾರೆ. ಆದ್ದರಿಂದ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಾಣುವ ಅಂಶ ಇದೇ.

ಪರಿಶೀಲನೆಯ ಹೊಣೆ ಮೊದಲು ನ್ಯಾಯ ಇಲಾಖೆಯಲ್ಲಿತ್ತು. 2003ರ ಕಾಯ್ದೆಯೊಂದು ಅದನ್ನು ಟಿಎಸ್‌ಎಗೆ ವರ್ಗಾಯಿಸಿತು, 2004ರ ಸೆಪ್ಟೆಂಬರಿನಲ್ಲಿ ನಿಯಮಗಳು ಬಂದವು. ಆ ‘ತಾತ್ಕಾಲಿಕ’ ನಿಯಮಗಳೇ ಸುಮಾರು ಇಪ್ಪತ್ತು ವರ್ಷ ನಡೆದವು. ಆಗ ಪ್ರತಿ ತರಬೇತಿಗೂ ಹೊಸ ಅರ್ಜಿ ಹಾಕಿ 130 ಡಾಲರ್ ಶುಲ್ಕ ಕಟ್ಟಬೇಕಿತ್ತು: ಮೊದಲ ಪರವಾನಗಿಗೆ ಒಮ್ಮೆ, ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಮತ್ತೊಮ್ಮೆ, ಎರಡು ಎಂಜಿನ್‌ಗಳ ವಿಮಾನಕ್ಕೆ ಮಗುದೊಮ್ಮೆ. ಕೆಲವೇ ತಿಂಗಳ ಹಿಂದೆ ಪರಿಶೀಲಿಸಿದ ವ್ಯಕ್ತಿಯನ್ನೇ ಮತ್ತೆ ಮೊದಲಿನಿಂದ ಪರಿಶೀಲಿಸುವುದರಲ್ಲಿ ಭದ್ರತೆಯ ಲಾಭ ಏನಿತ್ತು ಎಂಬುದು ನನಗೆ ಎಂದೂ ಅರ್ಥವಾಗಿಲ್ಲ. 2024ರ ಮೇ 1ರಂದು ಪ್ರಕಟವಾಗಿ ಜುಲೈ 30ರಿಂದ ಜಾರಿಗೆ ಬಂದ ಅಂತಿಮ ನಿಯಮ ಇದನ್ನು ಸರಿಪಡಿಸಿತು. ಒಮ್ಮೆ 140 ಡಾಲರ್ ಕಟ್ಟಿ ಅರ್ಹತೆ ಪಡೆದರೆ ಅದು ಗರಿಷ್ಠ ಐದು ವರ್ಷ ಬಾಳುತ್ತದೆ. ನಡುವೆ ಹೊಸ ರೇಟಿಂಗ್ ಆರಂಭಿಸಿದರೂ ಶಾಲೆ ಬದಲಾಯಿಸಿದರೂ ಪೋರ್ಟಲಿನಲ್ಲಿ ಆ ತರಬೇತಿಯನ್ನು ನಮೂದಿಸಿದರೆ ಸಾಕು. ನಿಯಮ ಬಿಗಿಯಾಗಿದ್ದೂ ನ್ಯಾಯವಾಗಿರಬಹುದು ಎಂಬುದಕ್ಕೆ ಈ ತಿದ್ದುಪಡಿಯೇ ಉದಾಹರಣೆ.

ಇನ್ನು ಅರ್ಜಿಯ ವಿಷಯ. ಪಾಸ್‌ಪೋರ್ಟ್ ವಿವರ, ವಲಸೆ ದಾಖಲೆ, ಹಿಂದಿನ ಐದು ವರ್ಷಗಳ ವಾಸದ ವಿಳಾಸಗಳು, ನೀವು ಎಂದಾದರೂ ಬಳಸಿದ ಬೇರೆ ಹೆಸರುಗಳು ಎಲ್ಲವನ್ನೂ ಕೇಳುತ್ತಾರೆ. ಕನ್ಸಲ್ಟಿಂಗ್ ಕಂಪನಿಗಳ ಮೂಲಕ ಊರಿಂದೂರಿಗೆ ಹೋಗಿ ಕೆಲಸ ಮಾಡಿದವರಿಗೆ ಐದು ವರ್ಷಗಳ ವಿಳಾಸ ಹೊಂದಿಸುವುದು ಸ್ವಲ್ಪ ಶ್ರಮದ ಕೆಲಸ. ಹಳೆಯ ಬಾಡಿಗೆ ಕರಾರುಗಳು, ತೆರಿಗೆ ಕಾಗದಗಳು ಇಲ್ಲಿ ನೆರವಿಗೆ ಬರುತ್ತವೆ. ಆದರೆ ನಮ್ಮವರಿಗೆ ನಿಜವಾದ ತೊಡಕು ಹೆಸರಿನಲ್ಲಿದೆ.

ಹಳೆ ಮೈಸೂರಿನ ಕಡೆಯವರಲ್ಲಿ ಬಹಳ ಮಂದಿಗೆ ಮನೆತನದ ಹೆಸರು ಎಂಬುದೇ ಇರುವುದಿಲ್ಲ. ಊರಿನ ಹೆಸರಿನ ಒಂದು ಅಕ್ಷರ, ತಂದೆಯ ಹೆಸರಿನ ಒಂದು ಅಕ್ಷರ, ಆಮೇಲೆ ತನ್ನ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವುದು ಅಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ಒಬ್ಬರು ಆ ಅಕ್ಷರಗಳನ್ನು ಬಿಡಿಸಿ ಬರೆಸುತ್ತಾರೆ, ಇನ್ನೊಬ್ಬರು ಸರ್‌ನೇಮ್ ಜಾಗವನ್ನು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟವರ ಅಮೆರಿಕನ್ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಅಚ್ಚಾಗುತ್ತದೆ. ಅಲ್ಲಿಂದ ಡ್ರೈವಿಂಗ್ ಲೈಸೆನ್ಸ್ ಒಂದು ರೂಪ ಪಡೆಯುತ್ತದೆ, ಬ್ಯಾಂಕ್ ಕಾರ್ಡ್ ಇನ್ನೊಂದು ರೂಪ. ದಿನನಿತ್ಯದ ಬದುಕಿನಲ್ಲಿ ಇದರಿಂದ ಹೆಚ್ಚಿನ ತೊಂದರೆ ಆಗದಿದ್ದರೂ, ಟಿಎಸ್‌ಎ ಪೋರ್ಟಲ್, ವಿಮಾನಯಾನವನ್ನು ನಿಯಂತ್ರಿಸುವ ಎಫ್‌ಎಎ ಸಂಸ್ಥೆಯ ವೈದ್ಯಕೀಯ ಅರ್ಜಿ ಮತ್ತು ಪೈಲಟ್ ಪರವಾನಗಿಯ ಅರ್ಜಿ ಈ ಮೂರೂ ಕಡೆ ಒಬ್ಬನೇ ಮನುಷ್ಯ ಮೂರು ಹೆಸರುಗಳಲ್ಲಿ ಕಾಣಿಸಿಕೊಂಡರೆ ಪರಿಶೀಲಿಸುವವರು ತಡೆಯುವುದು ಸಹಜ, ಅದು ಅವರ ಕರ್ತವ್ಯವೂ ಹೌದು.

ಆದ್ದರಿಂದ ಪಾಸ್‌ಪೋರ್ಟಿನಲ್ಲಿರುವ ರೂಪವನ್ನೇ ಆಧಾರವಾಗಿಟ್ಟುಕೊಂಡು, ಉಳಿದ ಎಲ್ಲ ರೂಪಗಳನ್ನು ‘ಬೇರೆ ಹೆಸರುಗಳು’ ಎಂಬ ಜಾಗದಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿರಿ. ಬೇರೆ ಹೆಸರು ಬರೆದರೆ ಅನುಮಾನ ಬಂದೀತು ಎಂಬ ಹೆದರಿಕೆ ಬೇಡ. ಬರೆಯದೆ ಬಿಟ್ಟದ್ದು ನಂತರ ಕಂಡರೆ ಬರುವ ಅನುಮಾನ ಅದಕ್ಕಿಂತ ದೊಡ್ಡದು. ಎಫ್‌ಎಎ ಅರ್ಜಿಯಲ್ಲಿ ಇದಕ್ಕೆ ಒಂದು ಒಳ್ಳೆಯ ಏರ್ಪಾಡಿದೆ: ನಡುವಿನ ಹೆಸರು ಇಲ್ಲದವರು ‘ಎನ್‌ಎಂಎನ್’ ಎಂದು ಬರೆಯಬೇಕು, ನಡುವೆ ಬರಿಯ ಒಂದು ಅಕ್ಷರ ಮಾತ್ರ ಇರುವವರು ಅದು ಇನಿಷಿಯಲ್ ಮಾತ್ರ ಎಂದು ಸೂಚಿಸಬೇಕು. ಹುಟ್ಟಿದ ದಿನಾಂಕಕ್ಕೂ ಇದೇ ಮಾತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಒಂದು, ಮನೆಯ ಜಾತಕದಲ್ಲಿರುವ ತಾರೀಕು ಇನ್ನೊಂದು ಆಗಿರುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಪಾಸ್‌ಪೋರ್ಟಿನ ತಾರೀಕನ್ನು ಬಿಟ್ಟು ಬೇರೆ ಯಾವುದನ್ನೂ ಯಾವ ಅರ್ಜಿಯಲ್ಲಿಯೂ ಬರೆಯಬೇಡಿ.

ಐದು ವರ್ಷದ ಅವಧಿಗೆ ಒಂದು ಮಿತಿ ಇದೆ. ಈ ದೇಶದಲ್ಲಿ ಉಳಿಯಲು ನಿಮಗಿರುವ ಅನುಮತಿ ಯಾವ ದಿನ ಮುಗಿಯುತ್ತದೆಯೋ ಅದೇ ದಿನ ತರಬೇತಿಯ ಅರ್ಹತೆಯೂ ಮುಗಿಯುತ್ತದೆ. ಎಚ್-1ಬಿ ಕೆಲಸದ ವೀಸಾ ಒಂದು ಬಾರಿಗೆ ಗರಿಷ್ಠ ಮೂರು ವರ್ಷಕ್ಕೆ ಮಂಜೂರಾಗುವುದರಿಂದ, ಭಾರತೀಯರು ಗ್ರೀನ್ ಕಾರ್ಡಿಗಾಗಿ ಅತಿ ದೀರ್ಘ ಸರದಿಯಲ್ಲಿ ನಿಂತಿರುವುದರಿಂದ, ಕಾಗದದ ಮೇಲಿನ ಐದು ವರ್ಷ ನಮ್ಮವರಲ್ಲಿ ಅನೇಕರಿಗೆ ತಾನಾಗಿ ದಕ್ಕುವುದಿಲ್ಲ. ವಿಸ್ತರಣೆಯಾದಾಗಲೆಲ್ಲ ಹೊಸ ದಾಖಲೆಯನ್ನು ಪೋರ್ಟಲಿಗೆ ಸೇರಿಸಬೇಕು. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಗಡಿಯ ಅಧಿಕಾರಿಗಳು ಐ-94 ಅವಧಿಯನ್ನು ಅಲ್ಲಿಗೇ ನಿಲ್ಲಿಸುವ ಸಂಭವವೂ ಇದೆ. ಹೀಗಾಗಿ ಪಾಸ್‌ಪೋರ್ಟ್ ನವೀಕರಣ ಸಹ ವಿಮಾನ ಕಲಿಕೆಯ ಸಿದ್ಧತೆಯ ಭಾಗವೇ ಆಗುತ್ತದೆ. ಹಲವು ವರ್ಷಗಳಿಂದ ಇಲ್ಲಿಯೇ ದುಡಿದು ತೆರಿಗೆ ಕಟ್ಟಿ, ಹಲವು ಬಾರಿ ಬೆರಳಚ್ಚು ಕೊಟ್ಟವರಿಗೂ ಇದರಲ್ಲಿ ರಿಯಾಯಿತಿ ಇಲ್ಲದಿರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕರ್ನಾಟಕದಿಂದಲೇ ನೇರವಾಗಿ ಇಲ್ಲಿಗೆ ಪೈಲಟ್ ತರಬೇತಿಗೆ ಬರಬೇಕೆನ್ನುವ ಯುವಕ ಯುವತಿಯರು, ಅವರ ತಂದೆತಾಯಿಗಳು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ವೀಸಾ ಬೇರೆ, ಟಿಎಸ್‌ಎ ಅರ್ಹತೆ ಬೇರೆ, ಎರಡೂ ಬೇಕು. ಪ್ರವಾಸಿ ವೀಸಾದಲ್ಲಿ ಬಂದು ಕೋರ್ಸು ಮಾಡುವಂತಿಲ್ಲ. ಪೂರ್ಣಾವಧಿ ತರಬೇತಿಗೆ ಎಂ-1 ಅಥವಾ ಎಫ್-1 ಎಂಬ ವಿದ್ಯಾರ್ಥಿ ವೀಸಾ ಬೇಕು, ಅದಕ್ಕೆ ಬೇಕಾದ ಐ-20 ಎಂಬ ಪ್ರವೇಶ ಪತ್ರವನ್ನು ಕೊಡುವ ಮಾನ್ಯತೆ ಎಲ್ಲ ಶಾಲೆಗಳಿಗೂ ಇರುವುದಿಲ್ಲ. ಜಮೀನು ಅಡವಿಟ್ಟು ಹಣ ಹೊಂದಿಸುವ ಕುಟುಂಬಗಳು ಏಜೆಂಟರ ಮಾತಿನ ಮೇಲೆ ಹಣ ಕಳಿಸುವ ಮೊದಲು ಆ ಶಾಲೆ ಐ-20 ಕೊಡಬಲ್ಲದೇ ಎಂಬುದನ್ನು ಅಮೆರಿಕ ಸರ್ಕಾರದ ಪಟ್ಟಿಯಲ್ಲಿ ತಾವೇ ನೋಡಿ ಖಚಿತಪಡಿಸಿಕೊಳ್ಳಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಇದು ಅಮೆರಿಕದ ಒಂದರದೇ ಹಟ ಎಂದೂ ತಿಳಿಯಬೇಕಿಲ್ಲ. ಭಾರತದ ಶಾಲೆಗಳಲ್ಲಿ ವಿದೇಶಿಯರು ವಿಮಾನ ಕಲಿಯಬೇಕಾದರೂ ನಮ್ಮ ಗೃಹ ಸಚಿವಾಲಯದ ಭದ್ರತಾ ಅನುಮತಿ ಬೇಕು.

ಎಫ್‌ಎಎ ಕಡೆಯ ಕಾಗದಗಳು ಹೋಲಿಕೆಯಲ್ಲಿ ಸುಲಭ. ಮೂರನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ನಲವತ್ತು ತುಂಬದವರಿಗೆ 60 ತಿಂಗಳು, ಅದನ್ನು ದಾಟಿದವರಿಗೆ 24 ತಿಂಗಳು ಬಾಳುತ್ತದೆ. ಆ ಅರ್ಜಿಗೆ ಸಹಿ ಹಾಕುವಾಗ ನಿಮ್ಮ ವಾಹನ ಚಾಲನೆಯ ದಾಖಲೆಗಳನ್ನು ನೋಡಲೂ ಒಪ್ಪಿಗೆ ಕೊಟ್ಟಂತಾಗುತ್ತದೆ. ಒಬ್ಬರೇ ಹಾರಲು ಬೇಕಾದ ವಿದ್ಯಾರ್ಥಿ ಪರವಾನಗಿಯನ್ನು ಮೊದಲು ವೈದ್ಯರೇ ಕೊಟ್ಟುಬಿಡುತ್ತಿದ್ದರು. 2016ರ ಏಪ್ರಿಲ್‌ನಿಂದ ಅದಕ್ಕೂ ಟಿಎಸ್‌ಎ ಪರಿಶೀಲನೆ ಆಗಬೇಕು, ಪೌರರಿಗೂ ಇದು ಕಡ್ಡಾಯ. ಕಾರ್ಡು ಅಂಚೆಯಲ್ಲಿ ಬರಲು ಕೆಲವು ವಾರಗಳಾಗುವುದರಿಂದ ಸೋಲೋ ಹಾರಾಟದ ದಿನ ಹತ್ತಿರ ಬರುವವರೆಗೆ ಕಾಯದೆ ಆರಂಭದಲ್ಲಿಯೇ ಅರ್ಜಿ ಹಾಕುವುದು ಒಳ್ಳೆಯದು.

ಪರವಾನಗಿ ಕೈಗೆ ಬಂದ ಮೇಲೂ ಕಾಗದ ನಿಲ್ಲುವುದಿಲ್ಲ. ರಾಷ್ಟ್ರಾಧ್ಯಕ್ಷರು ಹೋದ ಊರಿನ ಸುತ್ತ ಸಾಮಾನ್ಯವಾಗಿ 30 ನಾಟಿಕಲ್ ಮೈಲಿಗಳವರೆಗೆ ತಾತ್ಕಾಲಿಕ ನಿರ್ಬಂಧ ಬರುತ್ತದೆ, ಅದರೊಳಗೆ ತರಬೇತಿ ಹಾರಾಟ ನಡೆಸುವಂತಿಲ್ಲ. ವಾಷಿಂಗ್ಟನ್ ನಗರದ ಸುತ್ತಲಿನ 30 ನಾಟಿಕಲ್ ಮೈಲಿಯ ವಿಶೇಷ ವಲಯವಂತೂ ಶಾಶ್ವತ. ಅದರ ಒಳವೃತ್ತದಲ್ಲಿರುವ ಕಾಲೇಜ್ ಪಾರ್ಕ್ ನಿಲ್ದಾಣ 1909ರಿಂದ ನಿರಂತರವಾಗಿ ನಡೆದುಬಂದಿದೆ, ವಿಲ್ಬರ್ ರೈಟ್ ಸೈನ್ಯದ ಅಧಿಕಾರಿಗಳಿಗೆ ಹಾರಲು ಕಲಿಸಿದ್ದು ಅಲ್ಲಿಯೇ. ಇಂದು ಅಲ್ಲಿಗೆ ಸಣ್ಣ ವಿಮಾನ ಒಯ್ಯಬೇಕಾದರೆ ಅಮೆರಿಕದಲ್ಲಿಯೇ ಹುಟ್ಟಿ ಬೆಳೆದ ಪೈಲಟ್ ಸಹ ಬೆರಳಚ್ಚು ಕೊಟ್ಟು, ಹಿನ್ನೆಲೆ ಪರಿಶೀಲನೆಗೆ ಒಳಗಾಗಿ, ತನ್ನದೇ ಗುಪ್ತಸಂಖ್ಯೆ ಪಡೆದಿರಬೇಕು. ಕೆನಡಾ ಅಥವಾ ಮೆಕ್ಸಿಕೊ ಗಡಿ ದಾಟುವ ಖಾಸಗಿ ವಿಮಾನದವರು ಹೊರಡುವ ಕನಿಷ್ಠ ಒಂದು ಗಂಟೆ ಮೊದಲು ಪ್ರಯಾಣಿಕರ ಪೂರ್ತಿ ಪಟ್ಟಿಯನ್ನು ಸುಂಕ ಇಲಾಖೆಗೆ ಆನ್‌ಲೈನಿನಲ್ಲಿ ಕೊಡಬೇಕು.

ಕೊನೆಯದಾಗಿ, ಎಫ್‌ಎಎ ಪರವಾನಗಿ ಪಡೆದು ಭಾರತಕ್ಕೆ ಮರಳುತ್ತಿರುವವರಿಗೆ ಒಂದು ಹೊಸ ನಿಯಮ. ಅಮೆರಿಕದಲ್ಲಿ ವಾಸದ ವಿಳಾಸ ಇಲ್ಲದೆ ವಿದೇಶಿ ವಿಳಾಸ ಮಾತ್ರ ದಾಖಲಿಸಿರುವ ಪರವಾನಗಿದಾರರು, ಎಫ್‌ಎಎ ಕಳಿಸುವ ಅಧಿಕೃತ ಪತ್ರಗಳನ್ನು ತಮ್ಮ ಪರವಾಗಿ ಸ್ವೀಕರಿಸಲು ಅಮೆರಿಕದಲ್ಲಿರುವ ಒಬ್ಬ ಪ್ರತಿನಿಧಿಯನ್ನು ನೇಮಿಸಿರಬೇಕು. 2025ರ ಜುಲೈನಿಂದ ಹಳೆಯ ಪರವಾನಗಿಗಳಿಗೂ ಇದು ಅನ್ವಯಿಸಿದೆ; ನೇಮಿಸದವರು ಆ ಪರವಾನಗಿಯನ್ನು ಬಳಸುವಂತಿಲ್ಲ. ಇಲ್ಲಿ ನೆಲೆಸಿರುವ, ಪತ್ರ ಬಂದೊಡನೆ ತಿಳಿಸುವಷ್ಟು ಜವಾಬ್ದಾರಿಯುಳ್ಳ ಸಂಬಂಧಿಕರನ್ನೋ ಸ್ನೇಹಿತರನ್ನೋ ಹೊರಡುವ ಮೊದಲೇ ಕೇಳಿ ಒಪ್ಪಿಸಿ, ಅವರ ವಿವರವನ್ನು ಎಫ್‌ಎಎ ಪೋರ್ಟಲಿನಲ್ಲಿ ದಾಖಲಿಸಿ ಹೋಗಿ.