ಶ್ರೀರಂಗಪಟ್ಟಣಕ್ಕೆ ರೈಲಲ್ಲೇ ಹೋಗಿ

ಮೈಸೂರಿಂದ ಶ್ರೀರಂಗಪಟ್ಟಣ ನೋಡಲು ಹೊರಡುವವರು ಕಾರಿನ ಮಾತಾಡುತ್ತಾರೆ, ಇಲ್ಲವೇ ಬಸ್ಸಿನ ಮಾತು. ರೈಲು ಯಾರಿಗೂ ನೆನಪಾಗುವುದಿಲ್ಲ. ಆದರೆ ಇಲ್ಲಿನ ನಿಲ್ದಾಣ ಇರುವುದು ಹಳೇ ಕೋಟೆಯ ಒಳಗೆ. ಇಳಿದು ರಂಗನಾಥಸ್ವಾಮಿ ಗುಡಿಗೆ ನಡೆದೇ ಹೋಗಬಹುದು. ಪಾರ್ಕಿಂಗ್ ಹುಡುಕುವ ತಲೆನೋವಿಲ್ಲ. ನಾವು ಈ ಸಲ ಅತ್ತೆ, ಮಗಳು ಎಲ್ಲರೂ ಸೇರಿ ಹೀಗೇ ಹೋಗಿಬಂದೆವು. ಹೋಗಬೇಕು ಅಂತಿರುವವರಿಗೆ ಅನುಕೂಲವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಟಿಕೆಟ್ ವಿಷಯ. ಮೈಸೂರಿಂದ ಇಲ್ಲಿಗೆ ಸುಮಾರು 14 ಕಿಲೋಮೀಟರ್, ನಡುವೆ ನಾಗನಹಳ್ಳಿ ಒಂದೇ ನಿಲ್ದಾಣ. ರಿಸರ್ವೇಶನ್ ಬೇಕಿಲ್ಲ, ಜನರಲ್ ಟಿಕೆಟ್ ಸಾಕು. ಪ್ಯಾಸೆಂಜರ್ ರೈಲಿಗೆ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್ಸಿಗೆ 30. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದರೆ ದಂಡ ಕಟ್ಟಬೇಕಾಗುತ್ತದೆ. ಕೌಂಟರಿನಲ್ಲಿ ಊರಿನ ಹೆಸರು ಹೇಳಿದರೆ ಸಾಲದು, ಯಾವ ರೈಲು ಅಂತಲೂ ಹೇಳಿ. ಮೊಬೈಲಿನಲ್ಲಿ ತೆಗೆಯುವುದಾದರೆ ಮನೆಯಲ್ಲೇ ತೆಗೆದುಬಿಡಿ. ಟಿಕೆಟ್ ತೆಗೆದ ಮೇಲೆ ಮೂರು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ಹಾಗಾಗಿ ವಾಪಸ್ ಬರುವ ಟಿಕೆಟ್ಟನ್ನು ಬೆಳಗ್ಗೆಯೇ ತೆಗೆದು ಇಟ್ಟುಕೊಳ್ಳಬೇಡಿ.

ಆ್ಯಪಿನಲ್ಲಿ ಹುಡುಕುವಾಗ ಒಂದು ಸುಲಭದ ದಾರಿ ಇದೆ. ಶ್ರೀರಂಗಪಟ್ಟಣದ ಸ್ಟೇಷನ್ ಕೋಡ್ ಒಂದೇ ಅಕ್ಷರ, ಇಂಗ್ಲಿಷಿನ ಎಸ್. ದೇಶದಲ್ಲಿ ಒಂದೇ ಅಕ್ಷರದ ಕೋಡ್ ಇರುವ ನಿಲ್ದಾಣಗಳು ಬೆರಳೆಣಿಕೆಯಷ್ಟು. ಶತಾಬ್ದಿ, ವಂದೇ ಭಾರತ್ ಇಲ್ಲಿ ನಿಲ್ಲುವುದಿಲ್ಲ. ಹೊರಡುವ ಹಿಂದಿನ ರಾತ್ರಿ ವೇಳಾಪಟ್ಟಿ ನೋಡಿಕೊಳ್ಳಿ, ಇಲ್ಲವೇ ರೈಲ್ವೆಯ 139ಕ್ಕೆ ಫೋನ್ ಮಾಡಿ ಕೇಳಿ. ಬೆಳಗಿನ ಹೊತ್ತು ಮಂಡ್ಯ ಕಡೆಯಿಂದ ಮೈಸೂರಿಗೆ ಬರುವ ಗಾಡಿಗಳಲ್ಲಿ ಕಾಲೇಜು ಮಕ್ಕಳು, ಪಾಸ್ ಇಟ್ಟುಕೊಂಡ ನೌಕರರು ಜಾಸ್ತಿ. ಮಂಡ್ಯದಿಂದ ಬರುವವರು ಅದೊಂದು ಹೊತ್ತು ತಪ್ಪಿಸಿದರೆ ವಯಸ್ಸಾದವರಿಗೆ ಸೀಟು ಸಿಗುತ್ತದೆ.

ಮಕ್ಕಳಿದ್ದರೆ ಕಿಟಕಿ ಪಕ್ಕ ಕೂರಿಸಿ. ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪ ಅಲ್ವಾ, ಮೈಸೂರು ಕಡೆಯಿಂದ ಬಂದರೆ ಹೊಳೆಯ ಒಂದು ಕವಲು ದಾಟಿ ಊರು ಸಿಗುತ್ತದೆ. ಪಾಂಡವಪುರ ಕಡೆಯಿಂದ ಬಂದರೆ ಇನ್ನೊಂದು ಕವಲು. ಆ ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂದು ಹೆಸರಿತ್ತು. ಹೈದರ್, ಟಿಪ್ಪು ಜೊತೆಗಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು.

ಇಲ್ಲಿ ಗಾಡಿ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಸೇತುವೆ ದಾಟಿದ ಕೂಡಲೇ ಬ್ಯಾಗು ತೆಗೆದುಕೊಂಡು ಬಾಗಿಲ ಹತ್ತಿರ ಬನ್ನಿ. ದೊಡ್ಡ ಲಗೇಜ್ ಇದ್ದರೆ ಮೈಸೂರು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಟ್ಟು ಬರುವುದು ಒಳ್ಳೆಯದು. ಚಿಕ್ಕ ನಿಲ್ದಾಣ ಇದು. ತಿಂಡಿ, ಕುಡಿಯುವ ನೀರು ಕೈಯಲ್ಲೇ ಇರಲಿ.

ಇಳಿದ ಕೂಡಲೇ ಹೊರಗೆ ಓಡಬೇಡಿ. ಸ್ವಲ್ಪ ನಿಂತು ಆ ಜೋಡಿ ಹಳಿ ನೋಡಿ. ಬೆಂಗಳೂರಿಂದ ಮೈಸೂರಿಗೆ ಮೊದಲ ರೈಲು ಮಾರ್ಗ ಪೂರ್ತಿಯಾಗಿದ್ದು 1882ರಲ್ಲಿ, ರಂಗಾಚಾರ್ಲು ದಿವಾನರಾಗಿದ್ದ ಕಾಲ. ಆಗ ಅದು ಮೀಟರ್ ಗೇಜ್. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಆಮೇಲೆ ಜೋಡಿ ಹಳಿ ಹಾಕಲು ಹೊರಟರು. ಶ್ರೀರಂಗಪಟ್ಟಣಕ್ಕೆ ಬಂದು ಕೆಲಸ ನಿಂತಿತು. ಎರಡನೇ ಹಳಿ ಹೋಗಬೇಕಾದ ದಾರಿಯಲ್ಲೇ ಟಿಪ್ಪು ಕಾಲದ ಸಿಡಿಮದ್ದಿನ ಮನೆ ಇತ್ತು. ಇಟ್ಟಿಗೆ, ಗಾರೆಯಲ್ಲಿ ಕಟ್ಟಿದ, ಅರ್ಧ ನೆಲದೊಳಗೆ ಹೂತಂತಿರುವ ಕಟ್ಟಡ. ಅದನ್ನು ಒಡೆಯುವಂತಿಲ್ಲ, ಹಳಿ ತಿರುಗಿಸಲೂ ಜಾಗವಿಲ್ಲ. ವರ್ಷಗಟ್ಟಲೆ ಹಾಗೇ ಎಳೆಯಿತು. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಅಮೆರಿಕದ ಕಂಪನಿಯೊಂದು ದೆಹಲಿಯ ಕಂಪನಿ ಜೊತೆ ಸೇರಿ ಮಾಡಿದ ಕೆಲಸ. ಅದಾದ ಮೇಲೆಯೇ ಇಲ್ಲಿ ಎರಡನೇ ಹಳಿ ಬಿದ್ದಿದ್ದು. ಮೊದಲೆಲ್ಲ ಎದುರು ಗಾಡಿಗೆ ದಾರಿ ಬಿಡಲು ಕಾಯುತ್ತಿದ್ದವರಿಗೆ ಇದರ ಬೆಲೆ ಗೊತ್ತು. ಹಳೆಯದನ್ನು ಉಳಿಸಿಕೊಂಡೇ ಹೊಸದನ್ನು ಮಾಡಿದರು. ನನಗಂತೂ ಈ ಊರಲ್ಲಿ ತುಂಬಾ ಇಷ್ಟವಾದ ಕಥೆ ಇದೇ.

ಮುಂದೆ ಎಲ್ಲಿಗೆ ಅನ್ನುವುದನ್ನು ಗುಡಿಯ ಹೊತ್ತು ನೋಡಿ ತೀರ್ಮಾನಿಸಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಆದ್ದರಿಂದ ಬೆಳಗ್ಗೆ ಮೊದಲು ದರ್ಶನ. ದರ್ಶನ ಆದಮೇಲೆ ಕೋಟೆಯ ಉತ್ತರದ ಕಡೆ ನಡೆಯಿರಿ. 1799ರ ಮೇ 4ರಂದು ಟಿಪ್ಪುವಿನ ದೇಹ ಸಿಕ್ಕ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಹೊಳೆಗೆ ಇಳಿಯುವ ಬಾಗಿಲು, ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಲಿಯ ಹೆಸರಿನ ಸೆರೆಮನೆ ಎಲ್ಲ ಈ ಕಡೆಯೇ. ಸೆರೆಮನೆಯೊಳಗೆ ಬಿದ್ದ ಫಿರಂಗಿ ಇವತ್ತಿಗೂ ಅಲ್ಲೇ ಇದೆ. ಮಗಳು ಅದರ ಮುಂದಿನಿಂದ ಏಳಲೇ ಇಲ್ಲ. ಇಷ್ಟನ್ನೂ ನಡೆದೇ ನೋಡಬಹುದು. ಬಿಸಿಲಿಗೆ ಟೋಪಿ ಇರಲಿ, ನೆರಳು ಕಡಿಮೆ.

ದರಿಯಾ ದೌಲತ್, ಗುಂಬಜ್, ನಿಮಿಷಾಂಬ, ಸಂಗಮ ಎಲ್ಲ ಕೋಟೆಯ ಆಚೆ, ಪೂರ್ವಕ್ಕೆ. ಅಲ್ಲಿಗೆ ಆಟೋ ಬೇಕು. ಹತ್ತುವ ಮೊದಲೇ ಮಾತಾಡಿ. “ಅಣ್ಣಾ, ನಾಲ್ಕೂ ಕಡೆ ತೋರಿಸಿ, ಕಾದಿದ್ದು ವಾಪಸ್ ಸ್ಟೇಷನ್ನಿಗೇ ಬಿಡಬೇಕು, ಒಟ್ಟು ಎಷ್ಟು?” ಎಂದು ಕೇಳಿದೆವು. “ಕಾಯೋದೂ ಸೇರ್ಸೇ ಹೇಳ್ತೀನಿ ಬನ್ನಿ ಅಕ್ಕ” ಅಂದರು. ಹಾಗೆ ಮಾತಾಡಿಕೊಂಡರೆ ಕೊನೆಯಲ್ಲಿ ಜಗಳವಿಲ್ಲ. ಹೊತ್ತು ಕಡಿಮೆ ಇದ್ದರೆ ದರಿಯಾ ದೌಲತ್ ಒಂದನ್ನಾದರೂ ಬಿಡಬೇಡಿ. 1784ರ ತೇಗದ ಅರಮನೆ. ಗೋಡೆಯ ಮೇಲೆ ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಆ ಕರ್ನಲ್ ಬೇಲಿ ಸಿಕ್ಕಿಬಿದ್ದಿದ್ದು 1780ರ ಆ ಯುದ್ಧದಲ್ಲೇ. ಸೆರೆಮನೆ ನೋಡಿಕೊಂಡು ಇಲ್ಲಿಗೆ ಬಂದರೆ ಎರಡೂ ಕೂಡಿಕೊಳ್ಳುತ್ತವೆ. ರಂಗನತಿಟ್ಟು ಬೇರೆ ದಿಕ್ಕು, ಅದನ್ನು ಇನ್ನೊಂದು ದಿನಕ್ಕೆ ಇಡಿ.

ರಥಸಪ್ತಮಿ, ವೈಕುಂಠ ಏಕಾದಶಿ, ಮಹಾಲಯ ಅಮಾವಾಸ್ಯೆ ದಿನಗಳಲ್ಲಿ ಊರು ತುಂಬಿ ತುಳುಕುತ್ತದೆ. ನೆಮ್ಮದಿಯಾಗಿ ನೋಡಬೇಕೆಂದರೆ ವಾರದ ನಡುವಿನ ದಿನ ಬನ್ನಿ. ವಾಪಸ್ ಹೊರಡುವಾಗ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಕೌಂಟರಿನಲ್ಲಿ ಕೇಳಿ, ಮೊದಲೇ ಆ ಕಡೆ ಹೋಗಿ ನಿಲ್ಲಿ. ನಿಲ್ಲದ ಗಾಡಿಗಳು ಇಲ್ಲಿ ಜೋರಾಗಿ ಹಾದುಹೋಗುತ್ತವೆ. ಯಾರೋ ದಾಟಿದರು ಅಂತ ನೀವು ಹಳಿ ದಾಟಬೇಡಿ. ರೈಲು ತಡ ಅಂತ ಗೊತ್ತಾದರೆ ಊರಿನ ಬಸ್ ಸ್ಟ್ಯಾಂಡಿಗೆ ಹೋಗಿ, ಮೈಸೂರಿಗೂ ಮಂಡ್ಯಕ್ಕೂ ಬಸ್ ಸಿಗುತ್ತದೆ.