ಹದ ಇರುವಾಗ ಬಂದ ಎರಡು ಸಾವಿರ

2024ರ ಜೂನ್ 18, ಮಂಗಳವಾರ ರಾತ್ರಿ. ಕಾರಹುಣ್ಣಿಮೆಗೆ ಅಂತ ರಜೆ ಹಾಕಿ ಧಾರವಾಡದಿಂದ ಊರಿಗೆ ಬಂದಿದ್ದೆ. ನಮ್ಮೂರು ಸವದತ್ತಿ ಕಡೆಗೆ. ಅಪ್ಪ ಕಟ್ಟೆ ಮೇಲೆ ತನ್ನ ಗುಂಡಿ ಫೋನು ಹಿಡಿದು ಕೂತಿದ್ದ. ನನ್ನನ್ನು ನೋಡಿದವನೇ, "ಬಂದ್ಯಾ? ಇದೇನ್ ಬಂದೈತಿ ಓದು" ಎಂದು ಕೊಟ್ಟ. ಬ್ಯಾಂಕಿನ ಮೆಸೇಜು. ಪಿಎಂ ಕಿಸಾನ್ ಕಂತು, ಎರಡು ಸಾವಿರ ರೂಪಾಯಿ ಜಮಾ. ಅಪ್ಪ ಅದನ್ನು ಎರಡು ಸಲ ಓದಿಸಿದ. ಮೂರನೇ ಸಲ ಅವ್ವನನ್ನು ಒಳಗಿಂದ ಕರೆದು ಅವಳ ಮುಂದೆ ಓದಿಸಿದ.

ಎರಡು ಸಾವಿರಕ್ಕೆ ಇಷ್ಟು ಸಂಭ್ರಮ ಯಾಕೆ ಅಂತ ಪ್ಯಾಟಿಯ ಗೆಳತಿಯರು ಕೇಳುತ್ತಾರೆ. ಅದಕ್ಕೆ ನಮ್ಮ ಹೊಲದ ವಿಷಯ ಹೇಳಬೇಕು.

ನಮ್ಮದು ನಾಲ್ಕು ಎಕರೆ ಎರೆ ಹೊಲ, ಮಳೆಯನ್ನೇ ನಂಬಿದ್ದು. ಮಲಪ್ರಭೆ ಹತ್ತಿರವೇ ಇದ್ದಾಳೆ, ನವಿಲುತೀರ್ಥದ ಆಣೆಕಟ್ಟೂ ಇದೆ, ಆದರೆ ಕಾಲುವೆ ನೀರು ನಮ್ಮ ಹೊಲಕ್ಕೆ ಬರುವುದಿಲ್ಲ. ಮುಂಗಾರಿಗೆ ಹೆಸರು ಕಾಳು, ಹಿಂಗಾರಿಗೆ ಜೋಳ, ಕಡಲೆ. ಹೆಸರಿನ ರೊಕ್ಕ ಬಂದರೆ ಗಣೇಶನ ಹಬ್ಬದ ಆಸುಪಾಸು, ಕಡಲೆಯದು ಬಂದರೆ ಶಿವರಾತ್ರಿ ಆಸುಪಾಸು. ವರ್ಷಕ್ಕೆ ಎರಡು ಸಲ ಕೈಗೆ ಹಣ, ಅದೂ ಮಳೆ ಮನಸ್ಸು ಮಾಡಿದರೆ. ಖರ್ಚು ಮಾತ್ರ ದಿನಾ. ಅದರಲ್ಲೂ ಜೂನ್ ತಿಂಗಳು ಬಹಳ ಕಷ್ಟ. ಶಿವರಾತ್ರಿ ಹೊತ್ತಿನ ರೊಕ್ಕ ಅಷ್ಟರಲ್ಲಿ ತೀರಿರುತ್ತದೆ. ಬೀಜ, ಗೊಬ್ಬರ, ಬಿತ್ತುವವರ ಕೂಲಿ ಎಲ್ಲ ಒಟ್ಟಿಗೇ ಬರುತ್ತವೆ.

ಎರೆ ಮಣ್ಣು ಕಾಯುವುದಿಲ್ಲ. ಮಿರಗದ ಮಳೆ ಬಿದ್ದ ಮೇಲೆ ಕಾಲು ಹುಗಿಯುವಷ್ಟು ಕೆಸರಿದ್ದರೆ ಬಿತ್ತುವ ಕೂರಿಗೆ ಇಳಿಯದು. ಒಣಗಿದರೆ ಬೀಜ ಏಳದು. ನಡುವಿನ ನಾಲ್ಕೈದು ದಿನವೇ ಹದ. ಆ ದಿನಗಳಲ್ಲಿ ಕೈಯಲ್ಲಿ ರೊಕ್ಕ ಇಲ್ಲದವನು ಅಡತಿ ಅಂಗಡಿಗೆ, ಅಂದರೆ ಮಾಲಿನ ದಲ್ಲಾಳಿಗಳ ಹತ್ತಿರ, ಹೋಗಲೇಬೇಕು. ಅವರು ಬೇಡ ಅನ್ನುವುದಿಲ್ಲ. ತಕ್ಷಣ ಕೊಡುತ್ತಾರೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಜೊತೆಗೆ, ಬೆಳೆದ ಮಾಲು ಅವರ ಅಂಗಡಿಗೇ ಹೋಗಬೇಕು, ಅವರು ಹೇಳಿದ ದರಕ್ಕೆ. ಬಡ್ಡಿಗಿಂತ ಈ ಎರಡನೆಯದೇ ನಮ್ಮನ್ನು ಜಾಸ್ತಿ ಹಿಂಡಿದ್ದು.

2023ರಲ್ಲಿ ನಾವು ಮಾಡಿದ್ದು ಅದನ್ನೇ. ಆರು ಸಾವಿರ ತಂದು ಬಿತ್ತಿದೆವು. ಆ ವರ್ಷ ಮಳೆ ತಡವಾಗಿ ಬಂತು, ಆಗಸ್ಟ್‌ನಲ್ಲಿ ಪೂರ್ತಿ ಕೈಕೊಟ್ಟಿತು. ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ನಮ್ಮ ಹೆಸರು ಮೊಣಕಾಲು ಎತ್ತರಕ್ಕೂ ಬರಲಿಲ್ಲ, ಎಮ್ಮೆಗೆ ಮೇವಾಯಿತು. ಸಾಲ ಹಾಗೇ ಉಳಿಯಿತು.

ಆ ಬರದ ವರ್ಷವೇ, ಆಗಸ್ಟ್ 30ಕ್ಕೆ, ಗೃಹಲಕ್ಷ್ಮಿ ಶುರುವಾಯಿತು. ಅವ್ವನ ಖಾತೆಗೆ ತಿಂಗಳಿಗೆ ಎರಡು ಸಾವಿರ. ಅಪ್ಪನ ಕಿಸಾನ್ ಹಣ ನಾಲ್ಕು ತಿಂಗಳಿಗೊಮ್ಮೆ ಎರಡು ಸಾವಿರ. ಎರಡೂ ಸೇರಿದರೆ ವರ್ಷಕ್ಕೆ ಮೂವತ್ತು ಸಾವಿರ. ಶ್ರೀಮಂತರಾಗುವಷ್ಟು ಹಣ ಖಂಡಿತ ಅಲ್ಲ. ಆದರೆ ಆ ವರ್ಷ ನಮ್ಮ ಒಲೆ ಉರಿದದ್ದು ಅದರಿಂದಲೇ. ಹಿಂದಿನ ಬರಗಳಲ್ಲಿ ಅವ್ವ ಓಲೆ ಅಡವಿಟ್ಟದ್ದನ್ನು ನಾನು ನೋಡಿದ್ದೇನೆ. ಆ ವರ್ಷ ಓಲೆ ಅವಳ ಕಿವಿಯಲ್ಲೇ ಇದ್ದವು.

ಬುಧವಾರ ಬೆಳಿಗ್ಗೆ ಅಪ್ಪ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತಂದ. ಅಂಗೈಯಲ್ಲಿ ಒತ್ತಿ, ಉಂಡೆ ಮಾಡಿ, ಬೆರಳಿನಿಂದ ತಟ್ಟಿದ. ಉಂಡೆ ಸಣ್ಣಗೆ ಒಡೆಯಿತು. "ನಾಳೆ ಕೂರಿಗಿ ಹೂಡೂಣು" ಅಂದ. ಹೊರಟೆವು.

ಮೊದಲು ರೊಕ್ಕ ತೆಗೆಯಬೇಕಿತ್ತು. ಬ್ಯಾಂಕು ದೂರ, ಊರಲ್ಲೇ ಒಬ್ಬ ಹುಡುಗಿ ಹೆಬ್ಬೆಟ್ಟಿನ ಮಷೀನು ಇಟ್ಟುಕೊಂಡಿದ್ದಾಳೆ. ಅಪ್ಪ ಹೆಬ್ಬೆರಳು ಇಟ್ಟ. ಆಗಲಿಲ್ಲ. ಧೋತರಕ್ಕೆ ಒರೆಸಿ ಇಟ್ಟ. ಆಗಲಿಲ್ಲ. ನಾನು ಆ ಬೆರಳನ್ನು ಹತ್ತಿರದಿಂದ ನೋಡಿದೆ. ಕುಡಗೋಲು, ಹಗ್ಗ, ಸಲಿಕೆ ಹಿಡಿದು ಹಿಡಿದು ಗೆರೆಗಳೇ ಸವೆದಿವೆ. ನಡುವೆ ಒಂದು ಸೀಳು, ಅದರಲ್ಲಿ ಎರೆ ಮಣ್ಣು ಕೂತು ಕರ್ರಗಾಗಿದೆ. ತೊಳೆದರೂ ಹೋಗುವುದಿಲ್ಲ. ಆ ಹುಡುಗಿ ತಾಳ್ಮೆಯಿಂದ ಒಂದೊಂದೇ ಬೆರಳು ಇಡಿಸಿದಳು. ಕಡೆಗೆ ಎಡಗೈಯ ಉಂಗುರದ ಬೆರಳಿಗೆ ಮಷೀನು ಒಪ್ಪಿತು. ಅಪ್ಪ ನಿಟ್ಟುಸಿರು ಬಿಟ್ಟ.

ಅವನ ಭಯಕ್ಕೆ ಕಾರಣ ಇದೆ. 2023ರ ಫೆಬ್ರವರಿ 27ರಂದು ಕಿಸಾನ್ 13ನೇ ಕಂತನ್ನು ಪ್ರಧಾನಿ ನಮ್ಮ ಬೆಳಗಾವಿಯಲ್ಲೇ ಬಿಡುಗಡೆ ಮಾಡಿದ್ದರು. ಊರವರಿಗೆಲ್ಲ ಮೆಸೇಜು ಬಂತು, ಅಪ್ಪನಿಗೆ ಬರಲಿಲ್ಲ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಇ-ಕೆವೈಸಿಯೂ ಆಗಿರಲಿಲ್ಲ. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆದು ಸರಿಮಾಡಿಸುವಷ್ಟರಲ್ಲಿ ಆರು ದಿನದ ಕೂಲಿ ಹೋಯಿತು. ಈ ಯೋಜನೆಗಳ ಬಗ್ಗೆ ನನಗಿರುವ ದೊಡ್ಡ ಸಿಟ್ಟು ಇದೇ. ಹಣ ಯಾರಿಗೆ ನಿಜವಾಗಿ ಬೇಕೋ, ಅವರ ಕಾಗದವೇ ಸರಿ ಇರುವುದಿಲ್ಲ, ಅವರ ಬೆರಳೇ ಸವೆದಿರುತ್ತದೆ.

ಗೃಹಲಕ್ಷ್ಮಿಯೂ ಎಷ್ಟೋ ಸಲ ತಡವಾಗಿದೆ. ಎರಡು ತಿಂಗಳು ಬಾರದೆ ಆಮೇಲೆ ಒಟ್ಟಿಗೆ ಬಂದದ್ದೂ ಇದೆ. ಲೆಕ್ಕಕ್ಕೆ ಹಣ ಅಷ್ಟೇ ಅಲ್ವಾ ಅನ್ನಬಹುದು. ಮನೆ ನಡೆಸುವವಳನ್ನು ಕೇಳಿ. ಬಾರದ ಆ ಎರಡು ತಿಂಗಳು ಅವ್ವ ಮತ್ತೆ ಉದ್ರಿ ಪುಸ್ತಕಕ್ಕೆ ಮರಳಿದ್ದಳು. ಬರುತ್ತದೆ ಅಂತ ಗಟ್ಟಿ ಗೊತ್ತಿದ್ದರೆ ಮಾತ್ರ ಬಡವರು ಮುಂದಿನ ತಿಂಗಳ ಬಗ್ಗೆ ಯೋಚಿಸಲು ಆಗುತ್ತದೆ.

ಬೀಜ, ಒಂದು ಚೀಲ ಡಿಎಪಿ ಗೊಬ್ಬರ ತಂದೆವು. ಡಿಎಪಿಗೇ 1,350 ರೂಪಾಯಿ. ಅಪ್ಪನ ಎರಡು ಸಾವಿರ ಸಾಲಲಿಲ್ಲ. ಉಳಿದದ್ದನ್ನು ಅವ್ವ ಅರಿಶಿನದ ಡಬ್ಬಿಯಿಂದ ತೆಗೆದಳು, ಗೃಹಲಕ್ಷ್ಮಿಯಲ್ಲಿ ಉಳಿಸಿದ್ದು. ನೋಟುಗಳೆಲ್ಲ ಅರಿಶಿನದ ವಾಸನೆ. ದಾರಿಯಲ್ಲಿ ಅಡತಿ ಅಂಗಡಿ ಮುಂದೆಯೇ ಬಂದೆವು. ಮಾಲೀಕರು, "ಈ ಸಲ ಬರಲೇ ಇಲ್ಲಲ್ಲಾ ಗೌಡ್ರು" ಅಂದರು. ಅಪ್ಪ ಕೈಮುಗಿದು, "ಈ ಸಲ ಆಗೇತ್ರಿ" ಅಂದ. ಹಳೇ ಸಾಲ ಇನ್ನೂ ಇತ್ತು, ಮಾತಿನಲ್ಲಿ ಮರ್ಯಾದೆಯೂ ಇತ್ತು. ಆದರೆ ಅಲ್ಲಿ ಕೂರದೆ ಮುಂದೆ ನಡೆದ ಅಪ್ಪನನ್ನು ನಾನು ಅದೇ ಮೊದಲ ಸಲ ನೋಡಿದ್ದು. ಅದೇ ದಿನ ಕೇಂದ್ರ ಸರ್ಕಾರ ಹೆಸರಿಗೆ ಕ್ವಿಂಟಾಲ್‌ಗೆ 8,682 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಅಡತಿಯವರ ಮುಂಗಡ ತಿಂದಿದ್ದರೆ ಆ ಬೆಲೆ ನಮಗೆ ಬರೀ ಸುದ್ದಿ. ಮಾಲು ನಮ್ಮ ಕೈಯಲ್ಲಿದ್ದರೆ ತಾನೇ ಖರೀದಿ ಕೇಂದ್ರಕ್ಕೆ ಒಯ್ಯುವ ಮಾತು.

ಕಡೆಗೆ ಔಷಧದ ಅಂಗಡಿ. ಅಪ್ಪನಿಗೆ ಐದು ವರ್ಷದಿಂದ ಬಿಪಿ. ದಿನಕ್ಕೊಂದು ಮಾತ್ರೆ. ಮೊದಲೆಲ್ಲ ಅವ್ವ, "ಐದು ಕೊಡ್ರಿ" ಅನ್ನುತ್ತಿದ್ದಳು. ಅವರು ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುತ್ತಿದ್ದರು. ಐದು ಮುಗಿದ ಮೇಲೆ ರೊಕ್ಕ ಆಗುವ ತನಕ ಬಿಡುವು. ಮನೆಯ ಗೂಡಿನಲ್ಲಿ ಅಂಥ ತುಂಡು ಸ್ಟ್ರಿಪ್‌ಗಳು ಯಾವಾಗಲೂ ಬಿದ್ದಿರುತ್ತಿದ್ದವು. ಎರಡು ಸಲ ಅಪ್ಪ ಹೊಲದಲ್ಲೇ ತಲೆ ಸುತ್ತಿ ಬಿದ್ದದ್ದು ಆ ಬಿಡುವಿನ ದಿನಗಳಲ್ಲೇ. ಗೃಹಲಕ್ಷ್ಮಿ ಬಂದ ಮೇಲೆ ಅವ್ವ ಅದಕ್ಕೆ ಅಂತಲೇ ಹಣ ತೆಗೆದಿಡುತ್ತಾಳೆ. ಅವತ್ತು ಮೂರು ಸ್ಟ್ರಿಪ್ ಕೇಳಿದಳು. ಅಂಗಡಿಯವರು ಅಭ್ಯಾಸಬಲದಿಂದ ಕತ್ತರಿ ಕೈಗೆ ತೆಗೆದುಕೊಂಡಿದ್ದರು.

ಇಂಥ ಹಣದಿಂದ ಜನ ಸೋಮಾರಿಗಳಾಗುತ್ತಾರೆ ಅನ್ನುವವರ ಮಾತು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಅವ್ವ ಒಂದು ದಿನವೂ ಸುಮ್ನೆ ಕೂತಿಲ್ಲ. ಆ ಬೇಸಿಗೆಯಲ್ಲೂ ನರೇಗಾ ಕೆಲಸಕ್ಕೆ ಹೋಗಿ 349 ರೂಪಾಯಿ ಕೂಲಿಗೆ ಮಣ್ಣು ಹೊತ್ತಳು. ಬದಲಾದದ್ದು ಬೇರೆ. ಮೊದಲು ಬುತ್ತಿಗೆ ಎರಡು ರೊಟ್ಟಿ, ಖಾರದ ಪುಡಿ ಇರುತ್ತಿತ್ತು. ಈಗ ಜೊತೆಗೆ ಕಾಳಿನ ಪಲ್ಯವೂ ಇರುತ್ತದೆ. ತಿಂದು ದುಡಿಯುತ್ತಾಳೆ.

ಮರುದಿನ ನಸುಕಿನಲ್ಲೇ ಕೂರಿಗೆ ಹೂಡಿದರು. ನಮ್ಮ ಎತ್ತು ಮಾರಿ ಎರಡು ವರ್ಷವಾಗಿತ್ತು, ಬಾಡಿಗೆ ಜೋಡಿ. ಅವ್ವ ಸೆರಗಿನ ಉಡಿಯಲ್ಲಿ ಹೆಸರು ತುಂಬಿಕೊಂಡು ಬಟ್ಟಲಿಗೆ ಬೀಜ ಬಿಡುತ್ತ ನಡೆದಳು. ನಾನು ಬದುವಿನ ಮೇಲೆ ಬುತ್ತಿ ಕಾಯುತ್ತ ಕೂತಿದ್ದೆ. ಮೂರು ಎಕರೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅಪ್ಪ ಬಂದು ನೀರು ಕುಡಿದ. ಆಮೇಲೆ ಅಂಗಿಯ ಜೇಬಿನಿಂದ ಇಡೀ ಸ್ಟ್ರಿಪ್ ತೆಗೆದು ತಿರುಗಿಸಿ ನೋಡಿದ.

"ಇಷ್ಟ್ಯಾಕ ತಂದಿ?" ಅಂತ ಅವ್ವನನ್ನು ಕೇಳಿದ.

"ತಿಂಗಳದಾಗ ಮೂವತ್ತ್ ದಿನಾ ಇರ್ತಾವಲ್ಲ" ಅಂದಳು ಅವ್ವ. ಉಡಿಯಲ್ಲಿ ಉಳಿದ ನಾಲ್ಕು ಕಾಳನ್ನು ಬದುವಿನ ಮಣ್ಣಿಗೆ ಒತ್ತುತ್ತಿದ್ದಳು.